ಅಜ್ಜಿಯ ಪ್ಯಾನು, ಹುಡುಗನ ಹನ್ನೊಂದು ಲಕ್ಷ

ನಮ್ಮ ಆಡಿಟರ್ ಆಫೀಸಿನಲ್ಲಿ 26ಕ್ಯೂಬಿ, ಅಂದರೆ ಆಸ್ತಿ ಕೊಂಡವರು ಮಾರಿದವರ ಹಣದಲ್ಲಿ ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟುವ ಫಾರಂ, ಹೊಸದಾಗಿ ಸೇರಿದವರ ಕೈಗೆ ಕೊಡುತ್ತಿದ್ದ ಕೆಲಸ. ಕೊಂಡವರ ಪ್ಯಾನ್, ಮಾರಿದವರ ಪ್ಯಾನ್, ಆಸ್ತಿಯ ವಿಳಾಸ, ಮೊತ್ತ, ಚಲನ್, ಮುಗೀತು. ಇದಕ್ಕೆ ಸಾವಿರ ರೂಪಾಯಿ ಫೀಸು ಅಂದಾಗ ಎದುರಿಗೆ ಕೂತವರ ಮುಖ ನೋಡಬೇಕಿತ್ತು. ಬ್ರೋಕರಿಗೆ ಪರ್ಸೆಂಟ್ ಲೆಕ್ಕದಲ್ಲಿ ಎಣಿಸಿಕೊಟ್ಟು ಬಂದವರೇ ನಮ್ಮ ಹತ್ತಿರ ಐನೂರಕ್ಕೆ ಚೌಕಾಸಿ ಮಾಡುತ್ತಿದ್ದರು. ಸೈಟು ಕೊಂಡಿದ್ದ ಈ ಹುಡುಗ ಅದನ್ನೂ ಮಾಡಲಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಮಾಡಿಸಿಕೊಂಡು, "ಆಗ್ಹೋಯ್ತು ಮೇಡಂ, ನಿಮಗೆ ತೊಂದ್ರೆ ಕೊಡಲಿಲ್ಲ" ಅಂತ ಚಲನ್ ಫೋಟೋ ಕಳಿಸಿದ. ಅದು 2025ರ ಫೆಬ್ರವರಿ. ಮೈಸೂರಲ್ಲಿ ಸೈಟು, 62 ಲಕ್ಷ, ಟಿಡಿಎಸ್ ಒಂದು ಪರ್ಸೆಂಟ್, 62,000. ಲೆಕ್ಕವೇನೋ ಸರಿಯಾಗೇ ಇತ್ತು.

ಜೂನ್‌ನಲ್ಲಿ ಅದೇ ಹುಡುಗ ಲ್ಯಾಪ್‌ಟಾಪ್ ತೆರೆದುಕೊಂಡೇ ಒಳಗೆ ಬಂದ. ಆದಾಯ ತೆರಿಗೆ ಇಲಾಖೆಯಲ್ಲಿ ಟಿಡಿಎಸ್ ಲೆಕ್ಕ ನೋಡುವ ಕೇಂದ್ರದಿಂದ (ಟಿಡಿಎಸ್ ಸಿಪಿಸಿ) 200ಎ ನೋಟೀಸು. ಕಡಿಮೆ ಹಿಡಿದದ್ದು (ಶಾರ್ಟ್ ಡಿಡಕ್ಷನ್) 11,78,000, ಬಡ್ಡಿ ಬೇರೆ. ಮಾರಿದವರ ಪ್ಯಾನ್ ಇನ್‌ಆಪರೇಟಿವ್, ಅಂದರೆ ಆಧಾರ್ ಜೋಡಿಸದೇ ನಿಷ್ಕ್ರಿಯವಾಗಿದೆ. ಹಾಗಾಗಿ ಹಿಡಿಯಬೇಕಿದ್ದದ್ದು ಒಂದಲ್ಲ, ಇಪ್ಪತ್ತು ಪರ್ಸೆಂಟ್. ಉಳಿದ ಹತ್ತೊಂಬತ್ತನ್ನು ಕೊಂಡವನೇ ಕಟ್ಟಬೇಕು. ಇಸಿ (ಋಣಭಾರ ಪತ್ರ) ತೆಗೆಸಿದ್ದ, ಇ-ಖಾತಾ ನೋಡಿದ್ದ, ಲೀಗಲ್ ಒಪೀನಿಯನ್‌ಗೆ ದುಡ್ಡು ಕೊಟ್ಟಿದ್ದ, ನೋಂದಣಿ ಇಲಾಖೆಯ ಕಾವೇರಿ 2.0ರಲ್ಲಿ ತಾನೇ ಕೂತು ಅಪಾಯಿಂಟ್‌ಮೆಂಟ್ ತಗೊಂಡಿದ್ದ. ಮಾರುವವರ ಪ್ಯಾನ್ ಬದುಕಿದೆಯಾ ಸತ್ತಿದೆಯಾ ಅಂತ ಬ್ಯಾಂಕಿನವರಾಗಲಿ ವಕೀಲರಾಗಲಿ ಕೇಳಿರಲಿಲ್ಲ. 2023ರ ಜುಲೈ 1ರಿಂದ ಎಷ್ಟು ಪ್ಯಾನ್‌ಗಳು ಹೀಗೆ ಮಲಗಿವೆಯೋ. ಕಾರ್ಡು ಕೈಯಲ್ಲಿ ಹೊಳೆಯುತ್ತಾ ಇರುತ್ತದೆ, ಮಲಗಿದ್ದು ಗೊತ್ತಾಗುವುದು ನೋಟೀಸು ಬಂದಾಗಲೇ.

ನಾನು ತೆರಿಗೆ ಇಲಾಖೆಯ ಹಳೇ ಸರ್ಕ್ಯುಲರ್ ತೆಗೆದು ತೋರಿಸಿದೆ. 2024ರ ಮಾರ್ಚ್ 31ರವರೆಗಿನ ವ್ಯವಹಾರಕ್ಕೆ ಮಾತ್ರ ರಿಯಾಯಿತಿ, ನಿಮ್ಮದು ಅದರಲ್ಲಿ ಬರಲ್ಲ ಅಂದೆ. "ಮತ್ತೆ ಏನ್ಮಾಡೋದು ಮೇಡಂ?" ಅಂದ. ಈ ಪ್ರಶ್ನೆಯೊಂದಕ್ಕೆ ನಮ್ಮ ಕೆಲಸದಲ್ಲಿ ರೆಡಿಮೇಡ್ ಉತ್ತರ ಇಲ್ಲ. ಮಿಕ್ಕವೆಲ್ಲಾ ನಮಗೆ ಬಾಯಿಪಾಠ. ಎಷ್ಟು ರಿಫಂಡ್ ಬರುತ್ತೆ? ನಮ್ಮ ಡಿಪಾರ್ಟ್‌ಮೆಂಟಿನವರಿಗೆ ಎಂಬತ್ತು ಸಾವಿರ ಬಂದಿದೆ, ನನಗ್ಯಾಕೆ ಆರು ಸಾವಿರ? ಕಂಪನಿ ಕೊಟ್ಟ ಫಾರಂ 16 ಇದೆಯಲ್ಲ, ಇಲಾಖೆಯ ಎಐಎಸ್ ಪಟ್ಟಿ ಯಾಕೆ ನೋಡ್ಬೇಕು? ರಿಟರ್ನ್ ನೋಡುವ ಸಿಪಿಸಿ ಬೆಂಗಳೂರಲ್ಲೇ ಇದೆಯಲ್ಲ, ಯಾರಾದ್ರೂ ಪರಿಚಯ ಇದ್ದಾರಾ, ಹೋಗಿ ಮಾತಾಡ್ಕೊಂಡು ಬರೋಣ? ಇವಕ್ಕೆಲ್ಲಾ ಕೈ ಕೀಬೋರ್ಡ್ ಮೇಲಿಟ್ಟುಕೊಂಡೇ ಉತ್ತರ ಹೇಳಬಹುದು. ಈ ಹುಡುಗನ ಪ್ರಶ್ನೆಗೆ ಕೈ ಎತ್ತಿಡಬೇಕಾಯಿತು.

ಜುಲೈ 21ಕ್ಕೆ ಸರ್ಕ್ಯುಲರ್ 9/2025 ಬಂತು. ನಮ್ಮ ಆಡಿಟರ್ ಸಾರ್ ವಾಟ್ಸ್ಯಾಪಿನಲ್ಲಿ ಪಿಡಿಎಫ್ ಹಾಕಿ ಕೆಳಗೆ ಬರೀ "ಓದಿ" ಅಂತ ಬರೆದಿದ್ದರು. 2024ರ ಏಪ್ರಿಲ್ 1ರಿಂದ 2025ರ ಜುಲೈ 31ರೊಳಗೆ ಹಣ ಕೊಟ್ಟಿದ್ದು, ಆ ಪ್ಯಾನ್ ಸೆಪ್ಟೆಂಬರ್ 30ರೊಳಗೆ ಆಪರೇಟಿವ್ ಆದರೆ ಹೆಚ್ಚಿನ ದರ ಇಲ್ಲ. ಹುಡುಗನಿಗೆ ಫೋನ್ ಮಾಡಿದೆ. ಅವನು ಆ ಕಡೆಯಿಂದ ಕೂಗಿದ್ದು ಪಕ್ಕದ ಟೇಬಲಿನವರಿಗೂ ಕೇಳಿಸಿತು. ಆದರೆ ಸರ್ಕ್ಯುಲರ್ ಕೊಟ್ಟದ್ದು ಅರ್ಧ ದಾರಿ ಮಾತ್ರ. ಪ್ಯಾನ್ ಜೋಡಿಸಬೇಕಾದವರು ಅವನಲ್ಲ, ಮಾರಿದವರು. ಅವರಿಗೆ ದುಡ್ಡು ಬಂದಾಗಿದೆ, ಸೈಟು ಹೋಗಿದೆ, ನೋಟೀಸು ಅವರಿಗೆ ಬಂದಿಲ್ಲ. ಜೋಡಣೆಗೆ ಅರ್ಜಿ ಹಾಕಿದ ಮೇಲೂ ಆಪರೇಟಿವ್ ಆಗಲು ಮೂವತ್ತು ದಿನ ಹಿಡಿಯಬಹುದು. ಅಂದರೆ ನಮ್ಮ ಪಾಲಿಗೆ ಗಡುವು ಸೆಪ್ಟೆಂಬರ್ ಅಲ್ಲ, ಆಗಸ್ಟ್.

ಮಾರಿದವರು ಹುಣಸೂರು ಕಡೆ ಹಳ್ಳಿಯ ಒಬ್ಬ ಅಜ್ಜಿ. ಗಂಡ ಕಾರ್ಖಾನೆಯಲ್ಲಿದ್ದಾಗ ಸೊಸೈಟಿಯಲ್ಲಿ ಬಂದ ಸೈಟು. ಅವರು ತೀರಿಕೊಂಡಾಗ ಪಿಎಫ್ ಹಣಕ್ಕೆಂದು ಯಾರೋ ಪ್ಯಾನ್ ಮಾಡಿಸಿಕೊಟ್ಟಿದ್ದರು. ವ್ಯವಹಾರವೆಲ್ಲಾ ಮಗನದು. ಫೋನ್ ಮಾಡಿದ್ದು ಒಂದು ಮಧ್ಯಾಹ್ನ. ಸಾರ್ ಆಡಿಟಿಗೆ ಹೊರಗೆ ಹೋಗಿದ್ದರು, ಹುಡುಗ ನನ್ನೆದುರಿಗೆ ಕೂತಿದ್ದ, ಫೋನ್ ಸ್ಪೀಕರಿನಲ್ಲಿತ್ತು.

ನಾನು ಶುರು ಮಾಡಿದ್ದೇ ಕಾನೂನಿನಿಂದ. ಸೆಕ್ಷನ್ 139ಎಎ ಪ್ರಕಾರ ಪ್ಯಾನಿಗೆ ಆಧಾರ್ ಜೋಡಿಸುವುದು ನಿಮ್ಮ ಜವಾಬ್ದಾರಿ, ನೀವು ಮಾಡದೇ ಇದ್ದದ್ದಕ್ಕೆ ಇವರಿಗೆ ಡಿಮ್ಯಾಂಡ್ ಬಂದಿದೆ, ಹೀಗೆ. ಮಗ ಪೂರ್ತಿ ಕೇಳಿಸಿಕೊಂಡ. "ಅಲ್ಲಾ ಮೇಡಂ, ನೋಟೀಸು ಅವರಿಗೆ ಬಂದದೆ. ನಾವ್ ಮಾಡುದ್ರೆ ನಮ್ಗೇನು?" ಅಂದ.

ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಈ ಮಾತಿಗೆ ನಮ್ಮ ಲೈನಿನಲ್ಲಿ ಒಂದೇ ಅರ್ಥ. ಸೈಟಿನ ವ್ಯವಹಾರದಲ್ಲಿ ಸಹಿಗೆ ದುಡ್ಡು ಕೇಳುವ ಅಣ್ಣತಮ್ಮಂದಿರನ್ನು, ಎನ್‌ಒಸಿಗೆ ದುಡ್ಡು ಕೇಳುವ ಪಕ್ಕದ ಮನೆಯವರನ್ನು ಬೇಕಾದಷ್ಟು ನೋಡಿದ್ದೇನೆ. ಹನ್ನೊಂದು ಲಕ್ಷದ ವಿಷಯ ಅಂತ ನಾನೇ ಬಾಯಿಬಿಟ್ಟು ಹೇಳಿದ್ದೆ, ಈಗ ಆಸಾಮಿ ರೇಟು ಕೇಳುತ್ತಿದ್ದಾನೆ ಅಂತ ಅಂದುಕೊಂಡೆ. ಪ್ಯಾಡಿನ ಮೇಲೆ 50 ಅಂತ ಬರೆದು ಹುಡುಗನ ಕಡೆ ತಿರುಗಿಸಿದೆ. ಅವನು ತಲೆಯಾಡಿಸಿದ.

"ನೋಡಿ, ನಿಮ್ಮ ಓಡಾಟಕ್ಕೆ, ಖರ್ಚಿಗೆ ಅಂತ ಇವರು ಒಂದೈವತ್ತು ಸಾವಿರ ಕೊಡ್ತಾರೆ" ಅಂದೆ.

ಆ ಕಡೆ ಕೊಟ್ಟಿಗೆಯಲ್ಲಿ ಹಸು ಕೂಗಿದ್ದು ಕೇಳಿಸಿತು, ಆಮೇಲೆ ಏನೂ ಇಲ್ಲ. ನೆಟ್‌ವರ್ಕ್ ಹೋಯಿತು ಅಂತ ನಾನು ಎರಡು ಸಲ ಹಲೋ ಅಂದೆ. "ನಮ್ಮವ್ವನ್ ಕಾರ್ಡಿಗೆ ನೀವ್ ರೇಟ್ ಕಟ್ಟೋಕ್ ಬಂದ್ರಾ?" ಅಂತ ಒಂದು ಮಾತು ಬಂತು, ಕಟ್ ಆಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಮಾರನೇ ದಿನವೂ ಎತ್ತಲಿಲ್ಲ. ಹುಡುಗನ ನಂಬರನ್ನು ಬ್ಲಾಕ್ ಮಾಡಿದ್ದರು. ಅವನು ನನಗೇನೂ ಅನ್ನಲಿಲ್ಲ, ಅನ್ನದೇ ಇದ್ದದ್ದೇ ಹೆಚ್ಚು ಚುಚ್ಚಿತು. ಸಾರ್ ಮಾತ್ರ ಅಂದರು: "ಸೆಕ್ಷನ್ ಹೇಳಿ ಹೆದರಿಸಿ, ಆಮೇಲೆ ದುಡ್ಡು ತೋರಿಸಿದ್ರೆ ಯಾರಮ್ಮಾ ನಂಬ್ತಾರೆ? ನಾನೂ ಮೋಸ ಅಂತಾನೇ ಅಂದ್ಕೋತೀನಿ."

ಆಗಸ್ಟ್ ಮೊದಲ ಭಾನುವಾರ ಸಾರ್ ಕಾರಿನಲ್ಲೇ ಹೋದೆವು. ಹುಡುಗನನ್ನು ಕರೆದೊಯ್ಯಲಿಲ್ಲ. ಮನೆ ಮುಂದೆ ಜಲ್ಲಿ, ಎಂ-ಸ್ಯಾಂಡು, ಅರ್ಧ ಎದ್ದ ಗೋಡೆ. ಸೈಟಿನ ದುಡ್ಡಲ್ಲಿ ಮನೆ ಏಳುತ್ತಿತ್ತು. ಮಗ ಮುಖ ಕೊಡಲಿಲ್ಲ, ಸೊಸೆ ಕಾಫಿ ಕೊಟ್ಟರು. ಅಜ್ಜಿ ನೇರವಾಗಿ ಕೇಳಿದರು: "ಆ ಕಾರ್ಡು ಈ ಕಾರ್ಡು ಗಂಟಾಕುದ್ರೆ ನನ್ನ ಎರಡ್ ಸಾವ್ರ ನಿಲ್ತದಂತಲ್ಲವ್ವಾ?"

ಗೃಹಲಕ್ಷ್ಮಿ. "ನಮ್ಗೇನು" ಅಂದಿದ್ದು ಇದಕ್ಕೆ. ತೆರಿಗೆ ಕಟ್ಟುವವರ ಮನೆಗೆ ಗೃಹಲಕ್ಷ್ಮಿ ಇಲ್ಲ ಅನ್ನುವುದು ಊರಿಗೆಲ್ಲಾ ಗೊತ್ತು. ಪ್ಯಾನ್ ಎದ್ದು ಕೂತರೆ ಎರಡು ಸಾವಿರವೂ ಹೋಗಿ, ಬಿಪಿಎಲ್ ಕಾರ್ಡೂ ಹೋಗುತ್ತದೆ ಅಂತ ಅವರ ಲೆಕ್ಕ. 62 ಲಕ್ಷ ಎಣಿಸಿದವರು ಎರಡು ಸಾವಿರಕ್ಕೆ ಹೆದರುತ್ತಾರಾ ಅಂತ ನೀವು ನಗಬಹುದು. ನಾನೂ ಆಗ ಒಳಗೊಳಗೇ ನಕ್ಕೆ. ಸೊಸೆ ಹೇಳಿದ್ದು ಕೇಳಿದ ಮೇಲೆ ನಗು ಬರಲಿಲ್ಲ: ಸೈಟಿನ ದುಡ್ಡು ಮಗ ಹೇಳಿದಂತೆ ಗೋಡೆಯಾಗಿತ್ತು, ಅತ್ತೆಯ ಕೈಗೆ ತಾನಾಗಿ ಬಂದು ಬೀಳುತ್ತಿದ್ದದ್ದು ಆ ಎರಡು ಸಾವಿರವೊಂದೇ.

ಸಾರ್ ಸುಳ್ಳು ಹೇಳಲಿಲ್ಲ. ಜೋಡಿಸಿದ ಮಾತ್ರಕ್ಕೆ ತೆರಿಗೆ ಕಟ್ಟುವವರು ಅಂತ ಆಗಲ್ಲ, ಆದರೆ ನಿಲ್ಲೋದೇ ಇಲ್ಲ ಅಂತ ನಾನು ಮಾತು ಕೊಡಲಾರೆ ಅಂದರು. ಮೂವತ್ತು ಲಕ್ಷ ದಾಟಿದ ರಿಜಿಸ್ಟ್ರೇಷನ್ನನ್ನು ಸಬ್ ರಿಜಿಸ್ಟ್ರಾರ್ ಆಫೀಸಿನವರೇ ಇಲಾಖೆಗೆ ತಿಳಿಸುತ್ತಾರೆ, ಮುಚ್ಚಿಡಲು ಏನೂ ಉಳಿದಿಲ್ಲ ಅಂತಲೂ ಅಂದರು. ಮಗ ಹೊರಗೆ ನಿಂತೇ ಕೇಳಿಸಿಕೊಳ್ಳುತ್ತಿದ್ದ. ಆಗ ಸೊಸೆ ಒಳಗಿನಿಂದ ಪಾಸ್‌ಬುಕ್ ತಂದರು. "ಸಾರ್, ಅತ್ತೆ ಹೆಸರಲ್ಲಿ ಇಪ್ಪತ್ತು ಲಕ್ಷ ಎಫ್‌ಡಿ ಇಟ್ಟಿದೀವಿ. ಬ್ಯಾಂಕಿಗೆ ಆ ಫಾರಂ ಬರ್ದುಕೊಟ್ರೂ ಬಡ್ಡೀಲಿ ದುಡ್ಡು ಹಿಡ್ದವ್ರೆ."

ಜೂನ್ ಕೊನೆಗೆ ಬಡ್ಡಿ 37,500, ಟಿಡಿಎಸ್ 7,500. ಇಪ್ಪತ್ತು ಪರ್ಸೆಂಟ್. ಅದೇ ಕಾಯಿಲೆ, ಇನ್ನೊಂದು ಮನೆಯಲ್ಲಿ. ಇನ್‌ಆಪರೇಟಿವ್ ಪ್ಯಾನಿಗೆ 15ಎಚ್, ಅಂದರೆ ಬಡ್ಡಿಯಲ್ಲಿ ತೆರಿಗೆ ಹಿಡಿಯಬೇಡಿ ಅಂತ ಹಿರಿಯರು ಬ್ಯಾಂಕಿಗೆ ಬರೆದುಕೊಡುವ ಫಾರಂ, ನಡೆಯಲ್ಲ. ಮ್ಯಾನೇಜರ್ ತಿಂದುಹಾಕಿದ ಅಂತ ಮಗ ಬ್ಯಾಂಕಿನಲ್ಲಿ ಜಗಳವನ್ನೂ ಆಡಿ ಬಂದಿದ್ದನಂತೆ. ಸಾರ್ ಪಾಸ್‌ಬುಕ್ಕಿನ ಆ ಸಾಲಿನ ಮೇಲೆ ಬೆರಳಿಟ್ಟು, ಇದು ಪ್ರತಿ ಮೂರು ತಿಂಗಳಿಗೂ ಹೀಗೇ ಹೋಗುತ್ತೆ, ಸೈಟಿಗೆ ಹಿಡಿದ 62,000 ಕೂಡಾ ವಾಪಸ್ ಬರೋ ಹಣ ಆಗಿದ್ರೂ ಈ ಪ್ಯಾನಿಗೆ ಸರ್ಕಾರ ಕೊಡಲ್ಲ ಅಂದರು. ಮಗ ಒಳಗೆ ಬಂದು ಕೂತ. ನನ್ನ ಒಂದು ಫೋನಿನ ಸೆಕ್ಷನ್‌ಗಳು ಮಾಡದ್ದನ್ನು ಪಾಸ್‌ಬುಕ್ಕಿನ ಒಂದು ಸಾಲು ಮಾಡಿತು. ಮೊದಲೇ "ನಿಮಗೆ ಬ್ಯಾಂಕಲ್ಲಿ ಎಷ್ಟು ಹಿಡೀತಿದಾರೆ?" ಅಂತ ಕೇಳಿದ್ದರೆ ಆ ಐವತ್ತು ಸಾವಿರದ ಮಾತೇ ಬರುತ್ತಿರಲಿಲ್ಲ.

ಮುಂದಿನದು ತಾರೀಖಿನ ಗಲಾಟೆ. ಪ್ಯಾನಿನಲ್ಲಿ ಅಜ್ಜಿ ಹುಟ್ಟಿದ್ದು 1949. ಆಧಾರಿನಲ್ಲಿ 1952, ಜನವರಿ 1. ಹಳ್ಳಿಯ ಅರ್ಧ ಜನ ಹುಟ್ಟಿದ್ದೇ ಜನವರಿ 1ಕ್ಕೆ ಅನ್ನಿ. ಎರಡೂ ಹೊಂದದೆ ಲಿಂಕ್ ಆಗಲ್ಲ. ಅಷ್ಟರಲ್ಲಿ ಅಜ್ಜಿ, "ಗಾಂಧಿ ಸತ್ತ ದಿವ್ಸ ನಮ್ಗೆ ಇಸ್ಕೂಲು ರಜಾ ಬುಟ್ಟಿದ್ರು ಕಣಪ್ಪ" ಅಂದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. 1948ರ ಜನವರಿಯಲ್ಲಿ ಶಾಲೆಗೆ ಹೋಗುತ್ತಿದ್ದರೆ ಹುಟ್ಟಿದ್ದು ಹೆಚ್ಚುಕಮ್ಮಿ 1942. ಅಂದರೆ ಎಂಬತ್ತು ದಾಟಿದೆ. ಎಂಬತ್ತಾದವರಿಗೆ ಆಧಾರ್ ಜೋಡಣೆಯಿಂದ ವಿನಾಯಿತಿ, ಪ್ಯಾನ್ ಇನ್‌ಆಪರೇಟಿವ್ ಆಗುವಂತೆಯೇ ಇರಲಿಲ್ಲ, ಹುಡುಗನ ಡಿಮ್ಯಾಂಡಿಗೆ ಬುಡವೇ ಇಲ್ಲ! ಸಾರ್ ಕಾಫಿ ಲೋಟ ಕೆಳಗಿಟ್ಟು, "ಕೂತ್ಕೋ. ಗಾಂಧೀನ ಅಟ್ಯಾಚ್‌ಮೆಂಟ್ ಹಾಕಕ್ಕಾಗಲ್ಲ" ಅಂದರು. ಅಜ್ಜಿ ಓದಿದ ಶಾಲೆಯ ದಾಖಲೆ ಇಲ್ಲ, ಜನನ ಪ್ರಮಾಣಪತ್ರ ಇಲ್ಲ. ಸರ್ಕಾರದ ಎರಡು ಕಾರ್ಡೂ ಸುಳ್ಳು ಹೇಳುತ್ತಿದ್ದವು, ನಿಜ ಹೇಳುತ್ತಿದ್ದ ಅಜ್ಜಿಗೆ ಪುರಾವೆ ಇರಲಿಲ್ಲ. ಕೊನೆಗೆ ಪ್ಯಾನಿನ ತಾರೀಖನ್ನೇ ಆಧಾರಿಗೆ ಹೊಂದುವಂತೆ ತಿದ್ದಿಸುವುದು ಅಂತಾಯಿತು. ಅಜ್ಜಿ ಮೂರು ವರ್ಷ ಚಿಕ್ಕವರಾದರು.

ತಿದ್ದುಪಡಿಗೆ ಆಧಾರ್ ಒಟಿಪಿ ಬೇಕು. ಆಧಾರಿಗೆ ಕೊಟ್ಟಿದ್ದ ನಂಬರು ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಮಾಡುವ ಮೊಮ್ಮಗನದು, ಅವನು ಅವತ್ತು ಶಿಫ್ಟಿನಲ್ಲಿದ್ದ, ಫೋನ್ ಲಾಕರಿನಲ್ಲಿತ್ತು. ಅವನ ಟೀ ಬ್ರೇಕಿಗೆ ನಾವೆಲ್ಲಾ ಕಾದೆವು. ಮೊದಲ ಒಟಿಪಿ ಅವನು ಓದಿ ಹೇಳುವಷ್ಟರಲ್ಲಿ ಎಕ್ಸ್‌ಪೈರ್. ಎರಡನೆಯದರಲ್ಲಿ ಒಂದು ಅಂಕಿಯನ್ನು ನಾನು ತಪ್ಪಾಗಿ ಕೇಳಿಸಿಕೊಂಡೆ. ಮೂರನೆಯದಕ್ಕೆ ಪೇಜ್ ಸೆಷನ್ ಔಟ್. ಇನ್ನೊಂದು ಸಲ ಫೇಲ್ ಆದರೆ ನಾಳೆಯೇ ಅನ್ನುವಾಗ ಒಪ್ಪಿತು.

ತಾರೀಖು ತಿದ್ದಿ ಬಂದ ಮೇಲೆ ವಿಳಂಬ ಶುಲ್ಕ ಸಾವಿರ ರೂಪಾಯಿ. ಅದನ್ನು ಹುಡುಗ ಕಟ್ಟಿದ, ಮಗ ಬೇಡ ಅನ್ನಲಿಲ್ಲ. ಚಲನ್ ಪೋರ್ಟಲಿನಲ್ಲಿ ಕಾಣಲು ಇನ್ನಷ್ಟು ದಿನ, ಆಮೇಲೆ ಲಿಂಕ್ ರಿಕ್ವೆಸ್ಟ್. ಸೆಪ್ಟೆಂಬರ್ ಎರಡನೇ ವಾರ ಸ್ಟೇಟಸ್ ಆಪರೇಟಿವ್ ಅಂತ ತೋರಿಸಿತು. ಸ್ಕ್ರೀನ್‌ಶಾಟ್ ತೆಗೆದು ಮೂರು ಕಡೆ ಇಟ್ಟೆ, ಪೋರ್ಟಲ್ ನಾಳೆ ಏನು ತೋರಿಸುತ್ತದೋ ಹೇಳಲಾಗದು.

ಅಜ್ಜಿಯ ರಿಟರ್ನೂ ನಮ್ಮ ತಲೆಗೇ ಬಂತು. ಮನೆ ಅವರ ಹೆಸರಿನ ಖಾತೆಯ ಜಾಗದಲ್ಲೇ ಏಳುತ್ತಿದ್ದರಿಂದ 54ಎಫ್ (ಮಾರಿದ ಹಣ ಮನೆಗೆ ಹಾಕಿದರೆ ಸಿಗುವ ತೆರಿಗೆ ವಿನಾಯಿತಿ) ಹಾಕಬಹುದಿತ್ತು. ಆದರೆ ಇಪ್ಪತ್ತು ಲಕ್ಷ ಮಾಮೂಲಿ ಎಫ್‌ಡಿಯಲ್ಲಿದ್ದರೆ ಅದಕ್ಕೆ ವಿನಾಯಿತಿ ಇಲ್ಲ. ಅದನ್ನು ಮುರಿದು ಗಡುವಿನೊಳಗೆ, ಮನೆಗೆಂದು ಹಣ ಮೀಸಲಿಡುವ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಿಸಿದೆವು. ಆ ಬ್ಯಾಂಕ್ ಬ್ರಾಂಚಿನಲ್ಲಿ ಅಂಥ ಖಾತೆ ಇದೆ ಅಂತ ನಂಬಿಸುವುದಕ್ಕೇ ಸೊಸೆ ಎರಡು ಸಲ ಬಸ್ಸು ಹತ್ತಿದರು. ರಿಟರ್ನ್ ಸಲ್ಲಿಸುವ ಕೊನೆಯ ದಿನ, ಸೆಪ್ಟೆಂಬರ್ 15ರ ರಾತ್ರಿ, ಪೋರ್ಟಲ್ ತಿಣುಕುತ್ತಿತ್ತು. ಮಧ್ಯರಾತ್ರಿ ಹತ್ತಿರ ಒಂದು ದಿನ ಮುಂದೂಡಿದ್ದೇವೆ ಅಂತ ಪ್ರಕಟಣೆ, ಜೊತೆಗೆ 12ರಿಂದ ಎರಡೂವರೆವರೆಗೆ ಮೇಂಟೆನೆನ್ಸ್. ಅಷ್ಟು ಹೊತ್ತಿಗೆ ಅಜ್ಜಿಯದು ಫೈಲ್ ಆಗಿ, ಪೀಣ್ಯದ ಒಟಿಪಿಯಲ್ಲೇ ಇ-ವೆರಿಫೈ ಕೂಡಾ ಆಗಿತ್ತು.

ಈಗ ಆಫೀಸಿನಲ್ಲಿ ಈ ಕೆಲಸವನ್ನು ಹೊಸಬರಿಗೆ ಕೊಡುವುದಿಲ್ಲ. ಅಗ್ರಿಮೆಂಟ್ ಹಂತದಲ್ಲೇ ಮಾರುವವರ ಪ್ಯಾನು, ಆಧಾರ್ ನಂಬರು ಇಸಿದುಕೊಂಡು ಲಿಂಕ್ ಆಧಾರ್ ಸ್ಟೇಟಸ್ ನೋಡುತ್ತೇವೆ, ಅದಕ್ಕೆ ಲಾಗಿನ್ನೂ ಬೇಡ. ಆಧಾರ್ ಕೊಡಲ್ಲ ಅಂದವರ ಹತ್ತಿರ ಅವರೇ ತೆಗೆದ ಸ್ಕ್ರೀನ್‌ಶಾಟ್ ಕೇಳುತ್ತೇವೆ. ಫೀಸು ಎರಡು ಸಾವಿರ ಮಾಡಿ ಅಂತ ನಾನು ಹೇಳಿದೆ. ಸಾರ್ ಒಂದೂವರೆಗೆ ಒಪ್ಪಿದ್ದಾರೆ. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ ಬೇರೆ, ಬಾಯಿಗೆ ಬಂದ ಸೆಕ್ಷನ್ ನಂಬರುಗಳೆಲ್ಲಾ ಬದಲು.

ಟಿಡಿಎಸ್ ಪೋರ್ಟಲ್ ಟ್ರೇಸಸ್‌ನಲ್ಲಿ ಹುಡುಗನ ಬಾಕಿ ಸೊನ್ನೆಯಾದ ದಿನ ಅವನು ಸ್ವೀಟ್ ಬಾಕ್ಸ್ ಹಿಡಿದು ಬಂದ. ಕೂತು, ನೀರು ಕುಡಿದು ಕೇಳಿದ: "ಮೇಡಂ, ಅಜ್ಜಿಗೆ ಕಟ್ಟಿದ್ನಲ್ಲ ಆ ಸಾವಿರ, ಅದನ್ನ ನಾಳೆ ಸೈಟು ಮಾರುವಾಗ ಕಾಸ್ಟ್‌ಗೆ ಸೇರಿಸ್ಕೋಬಹುದಾ?"