ಅರ್ಜಿ ಹೋಯಿತು, ತಲುಪಿತಾ?

ಜೂನ್ ಮೊದಲ ವಾರ ಅಂದರೆ ನಮ್ಮ ಕಡೆ ಮಳೆ ಹಿಡಿಯುವ ಸಮಯ. ಕಾಸರಗೋಡಿನ ಪೆರ್ಲ, ಬದಿಯಡ್ಕ, ನೀರ್ಚಾಲಿನ ತೋಟಗಳಲ್ಲಿ ಅಡಿಕೆಗೆ ಮದ್ದು ಬಿಡುವವರಿಗಾಗಿ ಹುಡುಕಾಟ. ಅದೇ ವಾರ, ಜೂನ್ 5ಕ್ಕೆ, ಅಮೇರಿಕದ ಎನ್‌ಐಎಚ್‌ಗೆ ಅರ್ಜಿ ಹೋಗುವ ಕೊನೆಯ ದಿನ. ಆರೋಗ್ಯ ಸಂಶೋಧನೆಗೆ ದುಡ್ಡು ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ಅದು. ಅಲ್ಲಿನ ವಿಶ್ವವಿದ್ಯಾಲಯಗಳ ಅರ್ಜಿ ಕಂಪ್ಯೂಟರ್ ಮೂಲಕ ಸರಿಯಾಗಿ ಹೋಗುವಂತೆ ನೋಡುವುದು ನನ್ನ ಕೆಲಸ. ಆರ್‌01 ಅನ್ನುವ ಸಂಶೋಧನಾ ಅನುದಾನದ ಹೊಸ ಅರ್ಜಿಗಳಿಗೆ ವರ್ಷಕ್ಕೆ ಮೂರು ಗಡುವು: ಫೆಬ್ರವರಿ 5, ಜೂನ್ 5, ಅಕ್ಟೋಬರ್ 5. ಫೆಬ್ರವರಿಯದ್ದು ನನಗೆ ತೊಂದರೆ ಇಲ್ಲ. ಅಕ್ಟೋಬರ್ ಹೇಗೋ ಕಳೆಯುತ್ತದೆ. ಜೂನ್ ಮಾತ್ರ ಯಾಕಾದರೂ ಬರುತ್ತದೋ ಅನ್ನಿಸುತ್ತದೆ.

ಗಡುವು ಅಂದರೆ ಅರ್ಜಿ ಹಾಕುವ ಸಂಸ್ಥೆಯ ಊರಿನಲ್ಲಿ ಸಂಜೆ 5 ಗಂಟೆ. ನ್ಯೂಯಾರ್ಕ್ ಕಡೆಯ ವಿಶ್ವವಿದ್ಯಾಲಯವಾದರೆ ಜೂನ್‌ನಲ್ಲಿ ನಮಗೆ ರಾತ್ರಿ 2.30. ಕ್ಯಾಲಿಫೋರ್ನಿಯಾದ್ದಾದರೆ ಬೆಳಗ್ಗೆ 5.30. ಅಷ್ಟೊತ್ತಿಗೆ ಅಮ್ಮ ಎದ್ದು ಹಟ್ಟಿಗೆ ಹೋಗಿ ಬಂದಿರುತ್ತಾರೆ. ಫೆಬ್ರವರಿಯಲ್ಲಿ ಅವರ ಗಡಿಯಾರ ಒಂದು ಗಂಟೆ ಹಿಂದೆ ಸರಿದಿರುತ್ತದೆ. ಆಗ ಇವೇ 3.30 ಮತ್ತು 6.30.

ಬದಿಯಡ್ಕದ ಕಡೆಯ ಒಬ್ಬಳು ಹುಡುಗಿ, ಎಂಸಿಎ ಮುಗಿಸಿದವಳು, ನನ್ನ ಕೆಲಸ ಎಂತದ್ದು ಅಂತ ಸರಿಯಾಗಿ ಕೇಳಿದಳು. ಊರಿನವರಿಗೆ ನಾನು ಹೇಳುವುದು "ಕಂಪ್ಯೂಟರ್" ಅಂತ ಮಾತ್ರ. ಅವಳಿಗೆ ಅಷ್ಟು ಸಾಲದು. ಅದಕ್ಕೆ ಈ ಬರಹ.

ಅಮೇರಿಕದ ಕೇಂದ್ರ ಸರ್ಕಾರದ ಹತ್ತಾರು ಇಲಾಖೆಗಳು ಅನುದಾನ ಕೊಡುತ್ತವೆ. ಮೊದಲೆಲ್ಲ ಒಂದೊಂದು ಇಲಾಖೆಗೆ ಒಂದೊಂದು ಫಾರ್ಮ್, ಒಂದೊಂದು ದಾರಿ. ಎಲ್ಲಕ್ಕೂ ಒಂದೇ ಬಾಗಿಲು ಇರಲಿ ಅಂತ 2003ರಲ್ಲಿ ಗ್ರಾಂಟ್ಸ್ ಡಾಟ್ ಗವ್ ಅನ್ನುವ ವೆಬ್‌ಸೈಟ್ ಶುರು ಮಾಡಿದರು. ಅದನ್ನು ನೋಡಿಕೊಳ್ಳುವುದು ಅಲ್ಲಿನ ಆರೋಗ್ಯ ಇಲಾಖೆ. ಚಿಕ್ಕ ಸಂಸ್ಥೆಯವರು ಬ್ರೌಸರ್ ತೆರೆದು, ವರ್ಕ್‌ಸ್ಪೇಸ್ ಅನ್ನುವ ಜಾಗದಲ್ಲಿ ಫಾರ್ಮ್ ತುಂಬಿಸಿ ಕಳಿಸುತ್ತಾರೆ. ದೊಡ್ಡ ವಿಶ್ವವಿದ್ಯಾಲಯಗಳಿಗೆ ಅದು ಆಗದ ಮಾತು. ಅವರಿಂದ ವರ್ಷಕ್ಕೆ ನೂರಾರು ಅರ್ಜಿ ಹೋಗುತ್ತವೆ. ಪ್ರೊಫೆಸರರ ವಿವರ, ಬಜೆಟ್, ಡೀನ್ ಒಪ್ಪಿಗೆ ಎಲ್ಲವೂ ಅವರದೇ ಸಾಫ್ಟ್‌ವೇರ್‌ನಲ್ಲಿ ಮೊದಲೇ ಇರುತ್ತದೆ. ಅದನ್ನೇ ಮತ್ತೆ ಕೂತು ಟೈಪ್ ಮಾಡುವುದು ಯಾಕೆ? ಆ ಸಾಫ್ಟ್‌ವೇರ್ ನೇರವಾಗಿ ಸರ್ಕಾರದ ಕಂಪ್ಯೂಟರ್ ಜೊತೆ ಮಾತಾಡಲಿ. ಇದಕ್ಕೆ ಸಿಸ್ಟಮ್ ಟು ಸಿಸ್ಟಮ್ ಅನ್ನುತ್ತಾರೆ, ಚಿಕ್ಕದಾಗಿ ಎಸ್‌ಟುಎಸ್. ಆ ಮಾತುಕತೆ ಸರಿಯಾಗಿ ನಡೆಯುವಂತೆ ನೋಡುವುದು ನನ್ನ ಕೆಲಸ. ಕಂಪನಿ ಮಂಗಳೂರಿನದು, ನಾನಿರುವುದು ಮನೆಯಲ್ಲೇ.

ಬಾಗಿಲು ತೆರೆಯುವುದು ಸರ್ಟಿಫಿಕೇಟ್‌ನಿಂದ. ಮಾಮೂಲಿ ವೆಬ್‌ಸೈಟಿನಲ್ಲಿ ಆ ಕಡೆಯವರು ಮಾತ್ರ ತಾವು ಯಾರು ಅಂತ ತೋರಿಸುತ್ತಾರೆ. ಇಲ್ಲಿ ನಾವೂ ತೋರಿಸಬೇಕು. ಸಂಸ್ಥೆ ಒಂದು ಡಿಜಿಟಲ್ ಸರ್ಟಿಫಿಕೇಟ್ ಪಡೆದು, ಅದನ್ನು ಗ್ರಾಂಟ್ಸ್ ಡಾಟ್ ಗವ್‌ನಲ್ಲಿ ನೋಂದಾಯಿಸಿರಬೇಕು. ಮೊದಲು ಟ್ರೈನಿಂಗ್ ಸರ್ವರ್‌ನಲ್ಲಿ ಪರೀಕ್ಷೆ, ಆಮೇಲೆ ನಿಜವಾದದ್ದು. ಅರ್ಜಿ ಹೋಗುವುದು ಎಕ್ಸ್‌ಎಂಎಲ್ ಅನ್ನುವ, ಪ್ರತಿ ಮಾಹಿತಿಗೂ ಹೆಸರಿನ ಚೀಟಿ ಅಂಟಿಸಿದ ಬರಹದ ರೂಪದಲ್ಲಿ, ಸೋಪ್ ಅನ್ನುವ ಹಳೇ ಪದ್ಧತಿಯಲ್ಲಿ. ಈಗಿನ ಮಕ್ಕಳು ಸೋಪ್ ಅಂದರೆ ಮೂಗು ಮುರಿಯುತ್ತಾರೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ಯಾವ ಅಂಕಣದಲ್ಲಿ ಏನಿರಬೇಕು, ಎಷ್ಟು ಉದ್ದ ಇರಬೇಕು, ಯಾವುದರ ನಂತರ ಯಾವುದು ಬರಬೇಕು, ಎಲ್ಲವನ್ನೂ ಸ್ಕೀಮಾ ಅನ್ನುವ ನಿಯಮದ ಫೈಲಿನಲ್ಲಿ ಬರೆದಿಟ್ಟಿದ್ದಾರೆ. ಮಾಹಿತಿ ಸರಿಯೇ ಇದ್ದು ಸಾಲುಗಳ ಕ್ರಮ ಆಚೀಚೆ ಆದರೂ ಅರ್ಜಿ ವಾಪಸ್. ಜೊತೆಗೆ ಹೋಗುವ ಪ್ರತಿ ಪಿಡಿಎಫ್‌ಗೂ ಒಂದು ಹ್ಯಾಶ್ ಬೆಲೆ, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು, ಲೆಕ್ಕ ಹಾಕಿ ಬರೆದಿರಬೇಕು. ದಾರಿಯಲ್ಲಿ ಫೈಲ್ ಒಂದು ಅಕ್ಷರದಷ್ಟು ಬದಲಾದರೂ ಆ ಬೆಲೆ ಹೊಂದುವುದಿಲ್ಲ.

ಈ ಲೋಕದಲ್ಲಿ ನಾನು ಕಂಡ ದೊಡ್ಡ ಗಲಾಟೆ 2022ರ ಏಪ್ರಿಲ್ 4ರದ್ದು. ಅಲ್ಲಿಯವರೆಗೆ ಪ್ರತಿ ಸಂಸ್ಥೆಗೂ ಡನ್ಸ್ ಅನ್ನುವ ಒಂಬತ್ತು ಅಂಕಿಯ ಸಂಖ್ಯೆ ಇತ್ತು. ಅದನ್ನು ಕೊಡುತ್ತಿದ್ದದ್ದು ಒಂದು ಖಾಸಗಿ ಕಂಪನಿ. ಆ ದಿನದಿಂದ ಸರ್ಕಾರವೇ ಸ್ಯಾಮ್ ಡಾಟ್ ಗವ್ ಅನ್ನುವ ತನ್ನ ನೋಂದಣಿ ತಾಣದ ಮೂಲಕ ಕೊಡುವ ಯುಇಐ ಅನ್ನುವ ಗುರುತು ಬಂತು. ಹನ್ನೆರಡು ಅಕ್ಷರ, ಅದರಲ್ಲಿ ಅಂಕಿಯೂ ಉಂಟು, ಇಂಗ್ಲಿಷ್ ಅಕ್ಷರವೂ ಉಂಟು. ಸೊನ್ನೆ, ಒಂದು ಅನ್ನುವ ಅಂಕಿಗಳ ಜೊತೆ ಗೊಂದಲ ಆಗಬಾರದು ಅಂತ ಓ ಮತ್ತು ಐ ಅಕ್ಷರಗಳನ್ನು ಬಿಟ್ಟಿದ್ದಾರೆ. ಇದು ಜಾಣತನ. ಆದರೆ ಹಳೇ ಡೇಟಾಬೇಸ್‌ಗಳಲ್ಲಿ ಎಷ್ಟೋ ಜನ ಡನ್ಸ್ ಅನ್ನು ಬರೀ ಸಂಖ್ಯೆಯಾಗಿ ಇಟ್ಟಿದ್ದರು. ಅಂಥ ಅಂಕಣಕ್ಕೆ ಅಕ್ಷರ ಹಾಕುವುದು ಹೇಗೆ? ಒಂದು ಕಡೆ ಅಂಕಣ ಬದಲಾಯಿಸಿದರೆ, ಅದನ್ನು ಓದುವ ವರದಿಗಳು ಇನ್ನೊಂದು ಕಡೆ ಮುರಿದು ಬೀಳುತ್ತಿದ್ದವು. ಹೊಸ ಫಾರ್ಮ್ ಬೇರೆ, ಹೊಸ ಸ್ಕೀಮಾ ಬೇರೆ. ಆ ವರ್ಷ ವಿಷುವಿಗೆ ನಾನು ಕಣಿಯ ಮುಂದೆ ಕಣ್ಣು ಬಿಟ್ಟದ್ದೂ ಅರ್ಧ ನಿದ್ದೆಯಲ್ಲಿ.

ಇನ್ನು ಮುಖ್ಯ ವಿಷಯ. ಈ ಕೆಲಸಕ್ಕೆ ಹೊಸದಾಗಿ ಬರುವವರೆಲ್ಲ ಕಳಿಸುವುದೇ ಕಷ್ಟ ಅಂದುಕೊಳ್ಳುತ್ತಾರೆ. ಅರ್ಜಿ ಕಳಿಸಿದ ಕೂಡಲೇ ಒಂದು ಟ್ರ್ಯಾಕಿಂಗ್ ನಂಬರ್ ಬರುತ್ತದೆ, ಗ್ರಾಂಟ್ ಅನ್ನುವ ಪದ ಮತ್ತು ಅದರ ಪಕ್ಕ ಎಂಟು ಅಂಕಿ. ಅದನ್ನು ನೋಡಿ ಎಲ್ಲರಿಗೂ ಖುಷಿ. ಪ್ರೊಫೆಸರ್ ಮನೆಗೆ ಹೋಗುತ್ತಾರೆ, ಆಫೀಸಿನವರು ದೀಪ ಆರಿಸುತ್ತಾರೆ. ಆ ನಂಬರ್ ಬಂತು ಅಂದರೆ ಲಕೋಟೆ ಕೈಗೆ ಸಿಕ್ಕಿತು ಅಂತ ಮಾತ್ರ. ಒಡೆದು ನೋಡಿಲ್ಲ.

ಮೊದಲ ಸ್ಥಿತಿ ರಿಸೀವ್ಡ್. ಆಮೇಲೆ ಗ್ರಾಂಟ್ಸ್ ಡಾಟ್ ಗವ್ ತನ್ನ ಪರೀಕ್ಷೆ ಮಾಡುತ್ತದೆ. ಪಾಸಾದರೆ ವ್ಯಾಲಿಡೇಟೆಡ್, ಇಲ್ಲದಿದ್ದರೆ ರಿಜೆಕ್ಟೆಡ್ ವಿತ್ ಎರರ್ಸ್. ಪಾಸಾದದ್ದನ್ನು ಇಲಾಖೆ ಎತ್ತಿಕೊಂಡು ಹೋಗುತ್ತದೆ, ತನ್ನದೇ ನಂಬರ್ ಕೊಡುತ್ತದೆ. ಎನ್‌ಐಎಚ್ ವಿಷಯದಲ್ಲಿ ನಿಜವಾದ ಪರೀಕ್ಷೆ ಇಲ್ಲಿಂದ ಶುರು. ಅವರ ಸಿಸ್ಟಮ್ ತನ್ನ ನಿಯಮಗಳನ್ನೆಲ್ಲ ಒಂದೊಂದಾಗಿ ನೋಡುತ್ತದೆ. ತಪ್ಪುಗಳಲ್ಲಿ ಎರಡು ಜಾತಿ. ವಾರ್ನಿಂಗ್ ಆದರೆ ಅರ್ಜಿ ಮುಂದೆ ಹೋಗುತ್ತದೆ. ಎರರ್ ಆದರೆ ಅಲ್ಲೇ ನಿಲ್ಲುತ್ತದೆ, ತಿದ್ದಿ ಗಡುವಿನೊಳಗೆ ಇಡೀ ಅರ್ಜಿಯನ್ನು ಮತ್ತೆ ಕಳಿಸಬೇಕು. ಆಗ ಹೊಸದು ಅಂತ ಅಲ್ಲ, ತಿದ್ದಿದ್ದು ಅಂತ ಗುರುತು ಹಾಕಿ, ಹಿಂದಿನ ಟ್ರ್ಯಾಕಿಂಗ್ ನಂಬರನ್ನೂ ಕೊಡಬೇಕು. ಎಲ್ಲ ಸರಿ ಇದ್ದರೂ ಎರಡು ಕೆಲಸದ ದಿನ ಅರ್ಜಿ ಅವರ ತೆರೆಯ ಮೇಲೆ ಕಾಯುತ್ತದೆ. ನಮ್ಮವರು ಅದನ್ನು ಕಣ್ಣಾರೆ ನೋಡಲಿ, ಪುಟ ತಲೆಕೆಳಗಾಗಿದ್ದರೆ ಹೇಳಲಿ ಅಂತ. ಆದರೆ ಗಡುವು ಮುಗಿದ ಮೇಲೆ ತಲೆಕೆಳಗಾದ ಪುಟ ಕಂಡು ಏನು ಪ್ರಯೋಜನ? ಅದಕ್ಕೇ ನಾಲ್ಕು ದಿನ ಮೊದಲೇ ಕಳಿಸಿ ಅಂತ ಎಲ್ಲರೂ ಹೇಳುತ್ತಾರೆ. ಯಾರೂ ಕಳಿಸುವುದಿಲ್ಲ.

ಎಂಥ ತಪ್ಪುಗಳು ಅಂತ ಕೇಳಬೇಡಿ. ಫೈಲ್ ಹೆಸರು 50 ಅಕ್ಷರ ಮೀರಬಾರದು. ಒಂದೇ ಅರ್ಜಿಯಲ್ಲಿ ಎರಡು ಫೈಲಿಗೆ ಒಂದೇ ಹೆಸರು ಇರಬಾರದು. ಪಿಡಿಎಫ್‌ಗೆ ಪಾಸ್‌ವರ್ಡ್ ಇರಬಾರದು. ಪುಟ ಎಂಟೂವರೆ ಇಂಚು ಅಗಲ, ಹನ್ನೊಂದು ಇಂಚು ಉದ್ದ ಮೀರಬಾರದು, ಅದು ಅಲ್ಲಿನ ಲೆಟರ್ ಅಳತೆ. ಈ ಕೊನೆಯದ್ದು ನಮ್ಮ ಕಡೆಯವರಿಗೆ ಬಲೆ. ನಮ್ಮದು ಎ4, ಉದ್ದ ಹನ್ನೊಂದು ಮುಕ್ಕಾಲಿನ ಹತ್ತಿರ. ಭಾರತದಲ್ಲೋ ಯೂರೋಪಿನಲ್ಲೋ ಇರುವ ಸಹ ಸಂಶೋಧಕರು ಪ್ರೀತಿಯಿಂದ ಬರೆದು ಕಳಿಸಿದ ಪತ್ರ ಎ4ನಲ್ಲಿ ಇರುತ್ತದೆ. ಅದರಲ್ಲಿ ಏನು ಬರೆದಿದೆ ಅಂತ ಕಂಪ್ಯೂಟರ್ ಓದುವುದಿಲ್ಲ, ಉದ್ದ ಅಳೆಯುತ್ತದೆ ಅಷ್ಟೇ.

ಸರ್ಕಾರಿ ಅರ್ಜಿ ಹಾಕಿಕೊಡುವ ನಮ್ಮ ಕೇರಳದ ಅಕ್ಷಯ ಕೇಂದ್ರಕ್ಕೆ ಹೋದವರಿಗೆ ನಾನು ಹೇಳುವುದು ಬೇಗ ಅರ್ಥ ಆದೀತು. ಅಲ್ಲಿ ಕೂತ ಹುಡುಗಿ ನಿಮ್ಮ ಕಾಗದ ನೋಡಿದ ಕೂಡಲೇ ಹೇಳುತ್ತಾಳೆ: ಆಧಾರ್‌ನಲ್ಲಿ ಭಟ್ ಅಂತ ಒಂದು ರೀತಿ ಉಂಟು, ರೇಷನ್ ಕಾರ್ಡಿನ ಮಲಯಾಳದಲ್ಲಿ ಬೇರೆ ರೀತಿ ಉಂಟು, ಇದು ವಾಪಸ್ ಬರುತ್ತದೆ, ಮೊದಲು ಸರಿ ಮಾಡಿಸಿ. ಕಾಸರಗೋಡಿನಲ್ಲಿ ಶಾಲೆಯ ದಾಖಲೆ ಕನ್ನಡದಲ್ಲಿ, ಕಚೇರಿಯ ದಾಖಲೆ ಮಲಯಾಳದಲ್ಲಿ ಇರುವ ನಮಗೆ ಆ ಹುಡುಗಿಯ ಬೆಲೆ ಗೊತ್ತು. ಎರಡು ಕಂಪ್ಯೂಟರ್‌ಗಳನ್ನು ನೇರ ಜೋಡಿಸಿದಾಗ ಇಲ್ಲವಾಗುವುದು ಅವಳೇ. ನನ್ನ ಮಟ್ಟಿಗೆ ಎಸ್‌ಟುಎಸ್ ಅಂದರೆ ಅವಳನ್ನು ಸಾಫ್ಟ್‌ವೇರ್ ಒಳಗೆ ಮತ್ತೆ ಕೂರಿಸುವ ಕೆಲಸ. ಕಳಿಸುವ ಮೊದಲೇ ಪುಟ ಅಳೆಯಬೇಕು, ಹೆಸರು ಎಣಿಸಬೇಕು, ಸಂಸ್ಥೆಯ ಸ್ಯಾಮ್ ನೋಂದಣಿ ಚಾಲ್ತಿಯಲ್ಲಿ ಇದೆಯಾ ನೋಡಬೇಕು. ಆ ನೋಂದಣಿಯನ್ನು ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಮುಗಿಯಿತು. ತಪ್ಪು ಸಿಕ್ಕರೆ ಮನುಷ್ಯರಿಗೆ ತಿಳಿಯುವಂತೆ ಹೇಳಬೇಕು. "ಸ್ಕೀಮಾ ದೋಷ, ಸಾಲು ಇಷ್ಟು" ಅಂತ ಪ್ರೊಫೆಸರರ ಮುಂದೆ ಎಸೆಯುವ ಸಾಫ್ಟ್‌ವೇರ್ ಬರೆದವರ ಮೇಲೆ ನನಗೆ ಮರ್ಯಾದೆ ಇಲ್ಲ. "ನಿಮ್ಮ ಮೂರನೇ ಲಗತ್ತಿನ ಪುಟ ಉದ್ದವಾಗಿದೆ, ಲೆಟರ್ ಅಳತೆಗೆ ಬದಲಾಯಿಸಿ" ಅನ್ನಲು ಎಷ್ಟು ಖರ್ಚು ಮಾರಾಯ್ರೇ?

ಈ ಪರೀಕ್ಷೆಗಳನ್ನು ಒಮ್ಮೆ ಬರೆದು ಬಿಡಲಿಕ್ಕೂ ಆಗುವುದಿಲ್ಲ. ಎನ್‌ಐಎಚ್ ಆಗಾಗ ಇಡೀ ಫಾರ್ಮ್ ಕಂತೆಯನ್ನೇ ಬದಲಾಯಿಸುತ್ತದೆ. 2023ರ ಜನವರಿ 25ರಿಂದ ಫಾರ್ಮ್ಸ್‌-ಎಚ್, 2025ರ ಜನವರಿ 25ರಿಂದ ಫಾರ್ಮ್ಸ್‌-ಐ. ಯಾವ ಕಂತೆ ಅನ್ನುವುದನ್ನು ಗಡುವಿನ ತಾರೀಕು ತೀರ್ಮಾನಿಸುತ್ತದೆ, ಕಳಿಸಿದ ತಾರೀಕು ಅಲ್ಲ. ಹಾಗಾಗಿ ಡಿಸೆಂಬರ್‌ನಲ್ಲೇ ಶುರು ಮಾಡಿದ ಅರ್ಜಿಗೂ ಕೆಲವೊಮ್ಮೆ ಹೊಸ ಫಾರ್ಮ್ ಬೇಕಾಗುತ್ತದೆ. ಮಧ್ಯದ ಆ ವಾರಗಳಲ್ಲಿ ಎರಡೂ ಕಂತೆಗಳು ಒಟ್ಟಿಗೆ ಓಡಬೇಕು.

ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತಲೂ ಬದಿಯಡ್ಕದ ಆ ಎಂಸಿಎ ಹುಡುಗಿ ಕೇಳಿದ್ದಳು. ಅರ್ಜಿ ನನ್ನ ಲ್ಯಾಪ್‌ಟಾಪಿನಿಂದ ಹೋಗುವುದಿಲ್ಲ, ಅಲ್ಲಿನ ಸರ್ವರ್‌ನಿಂದಲೇ ಹೋಗುತ್ತದೆ. ತೆಂಗಿನ ಮಡಲು ಬಿದ್ದು ಕೇಬಲ್ ತುಂಡಾದರೂ ಅರ್ಜಿಗೆ ಏನೂ ಆಗುವುದಿಲ್ಲ. ಸ್ಥಿತಿ ನೋಡುತ್ತಿರುವ ನನಗೆ ಕತ್ತಲೆ, ಅಷ್ಟೇ. ಇನ್ವರ್ಟರ್ ಉಂಟು, ಎರಡು ಕಂಪನಿಯ ಸಿಮ್ ಉಂಟು. ಕುಂಬಳೆ ಕಡೆ ಇರುವ ಗೆಳೆಯನೊಬ್ಬ ಸರದಿಯಲ್ಲಿ ನೋಡುತ್ತಾನೆ. ಅವನಿಗೂ ನನಗೂ ಒಟ್ಟಿಗೆ ಕರೆಂಟ್ ಹೋಗುವುದು ಕಮ್ಮಿ.

ಅಪ್ಪನಿಗೆ ಇದೆಲ್ಲ ಒಪ್ಪಿಗೆ ಇಲ್ಲ. ಅಮೇರಿಕದವರಿಗೆ ದುಡ್ಡು ಬರಲಿಕ್ಕೆ ನಿನ್ನ ನಿದ್ದೆ ಯಾಕೆ ಹೋಗಬೇಕು ಅಂತ ಕೇಳುತ್ತಾರೆ. ಸಂಬಳದ ಮಾತು ಬಂದಾಗ ಸುಮ್ಮನಾಗುತ್ತಾರೆ.

ಬದಿಯಡ್ಕದ ಆ ಹುಡುಗಿಗೆ ಕೊನೆಯ ಮಾತು: ಆಸಕ್ತಿ ಇದ್ದರೆ ಹೀಗೆ ಶುರು ಮಾಡು. ಫಾರ್ಮ್‌ಗಳ ಸ್ಕೀಮಾ ಫೈಲುಗಳು ಗ್ರಾಂಟ್ಸ್ ಡಾಟ್ ಗವ್‌ನಲ್ಲೇ ಸಿಗುತ್ತವೆ, ಲಾಗಿನ್ ಬೇಡ. ಎಸ್‌ಎಫ್‌-424 ಅನ್ನುವ ಮುಖಪುಟದ ಫಾರ್ಮ್‌ನದ್ದನ್ನು ಇಳಿಸಿಕೋ. ಒಂದು ಸುಳ್ಳು ಸಂಸ್ಥೆಯ ವಿವರ ಹಾಕಿ ಎಕ್ಸ್‌ಎಂಎಲ್ ಅನ್ನು ಕೈಯಲ್ಲೇ ಬರೆದು, ಸ್ಕೀಮಾ ವಿರುದ್ಧ ಪರೀಕ್ಷಿಸು. ಬೇಕೆಂದೇ ನಾಲ್ಕು ತಪ್ಪು ಮಾಡಿ, ಬರುವ ಸಂದೇಶಗಳನ್ನು ಓದು. ಆಮೇಲೆ ಅದೇ ಸಂದೇಶಗಳನ್ನು, ಎಕ್ಸ್‌ಎಂಎಲ್ ಹೆಸರೇ ಕೇಳದ ಒಬ್ಬ ಪ್ರೊಫೆಸರಿಗೆ ತಿಳಿಯುವಂತೆ ಬರೆದು ನನಗೆ ಕಳಿಸು. ಕೋಡ್ ಕಳಿಸುವುದು ಬೇಡ.