ಚಕ್ರ ಎಲ್ಲಿ ಕೂತಿದೆ?

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ವರು ಆರಿಸಿಕೊಂಡದ್ದು ಎರಡು ಟನ್ನಿನ ಮಾನೋರೈಲ್ ಹಾಯ್ಸ್ಟ್, ಅಂದರೆ ಒಂದೇ ಬೀಮಿಗೆ ತೂಗುಬಿದ್ದ ಟ್ರಾಲಿಯಲ್ಲಿ ಓಡುತ್ತ ಭಾರ ಎತ್ತುವ ಯಂತ್ರ. ಅದು 1998. ಐ-ಬೀಮಿನ ಕೆಳಗಿನ ಫ್ಲೇಂಜಿನಲ್ಲಿ (I ಅಕ್ಷರದ ಕೆಳಗಿನ ಅಡ್ಡಪಟ್ಟಿಯಲ್ಲಿ) ಬೆಂಡಿಂಗ್ ಸ್ಟ್ರೆಸ್, ಅಂದರೆ ಬೀಮ್ ಬಾಗಿದಾಗ ಉಕ್ಕಿನೊಳಗೆ ಹುಟ್ಟುವ ಬಿಗಿತ, 150 ಮೆಗಾಪಾಸ್ಕಲ್ ಬಂದಿತ್ತು. ಉಕ್ಕಿನ ರಚನೆಗಳ ಭಾರತೀಯ ಮಾನಕವಾದ ಐಎಸ್ 800 ಆಗ ಒಪ್ಪುತ್ತಿದ್ದದ್ದು 165. ಹೆಮ್ಮೆಯಿಂದ ಹಾಳೆಗಳನ್ನು ನಮ್ಮ ಗೈಡ್ ಮುಂದಿಟ್ಟೆವು. ಕೊನೆಯ ಪುಟದವರೆಗೂ ನೋಡಿದ ಸರ್, "ಬೀಮ್ ಇದೆ, ಭಾರ ಇದೆ. ಚಕ್ರ ಎಲ್ಲಪ್ಪಾ ಕೂತಿದೆ?" ಅಂದರು.

ನಾವು ಸುಮ್ಮನೆ ನಿಂತೆವು. ಅವರು ರೆಕಾರ್ಡ್ ಪುಸ್ತಕದ ರಟ್ಟನ್ನು ಮೇಜಿನ ಅಂಚಿನಿಂದ ನಾಲ್ಕು ಬೆರಳಷ್ಟು ಹೊರಗೆ ಚಾಚಿ, ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ತುದಿಯನ್ನು ಅದುಮಿದರು. ಬೆರಳಿದ್ದಲ್ಲಿ ರಟ್ಟು ಕುಸಿಯಿತು. ಬೆರಳು ಸರಿದಂತೆ ಕುಸಿತವೂ ಸರಿಯಿತು. ಟ್ರಾಲಿಯ ಚಕ್ರಗಳು ಕೆಳಗಿನ ಫ್ಲೇಂಜಿನ ಮೇಲೆ, ವೆಬ್ಬಿನ (ನಡುವಿನ ನೆಟ್ಟನೆಯ ಪಟ್ಟಿಯ) ಎರಡೂ ಬದಿಗೆ ಓಡುತ್ತವಲ್ಲ, ಅಲ್ಲಿ ಆಗುವುದೂ ಇದೇ.

ಆಮೇಲೆ ಬೋರ್ಡಿಗೆ ಹೋದರು. ವೆಬ್ ಸೇರುವ ಕಡೆ ಅಡ್ಡ ದಿಕ್ಕಿನ ಸ್ಟ್ರೆಸ್ 120 ಅಂದುಕೊಳ್ಳಿ ಅಂದರು. ಫ್ಲೇಂಜಿನ ಮೇಲ್ಮೈಯಲ್ಲಿ ಅದು ಎಳೆತ, ಬೀಮಿನ ಉದ್ದಕ್ಕೆ ಇರುವುದೂ ಎಳೆತ. ಎರಡರ ಒಟ್ಟು ಪರಿಣಾಮವನ್ನು ಒಂದೇ ಅಂಕಿಯಲ್ಲಿ ಹೇಳುವ ವಾನ್ ಮೀಸಸ್ ಸ್ಟ್ರೆಸ್ ಸುಮಾರು 137. ತಳಮೈಯಲ್ಲಿ ಅಡ್ಡ ಸ್ಟ್ರೆಸ್ ಒತ್ತಡವಾಗಿ ತಿರುಗುತ್ತದೆ, ಅಲ್ಲಿ 234. ಉಕ್ಕಿನ ಯೀಲ್ಡ್, ಅಂದರೆ ಅದು ಮತ್ತೆ ನೆಟ್ಟಗಾಗದಂತೆ ಬಾಗತೊಡಗುವ ಮಿತಿ, 250. ಒಂದೇ ಫ್ಲೇಂಜಿನ ಎರಡು ಮುಖಗಳಲ್ಲಿ ಇಷ್ಟು ಅಂತರ ಇರಬಹುದೆಂದು ಆ ಮಧ್ಯಾಹ್ನದವರೆಗೆ ನನಗೆ ಹೊಳೆದಿರಲಿಲ್ಲ. ನಾಲ್ಕು ವರ್ಷದ ಪಾಠಗಳಲ್ಲಿ ನನ್ನೊಳಗೆ ಇಷ್ಟು ಆಳಕ್ಕಿಳಿದದ್ದು ಇನ್ನೊಂದಿಲ್ಲ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಶೆಡ್ಡಿನಲ್ಲಿ ಟ್ರಾಲಿ ಸಿಕ್ಕಿಕೊಳ್ಳುತ್ತಿದೆ ಎಂದು ಕರೆ ಬಂತು. ಬೀಮ್ ಬಾಗುತ್ತಿದೆಯೆಂದು ಅವರು ಮೊದಲೇ ನಡುವೆ ಇನ್ನೊಂದು ಬ್ರಾಕೆಟ್ ಕೊಟ್ಟು ಸ್ಪ್ಯಾನ್ (ಆಸರೆಗಳ ನಡುವಿನ ದೂರ) ಅರ್ಧ ಮಾಡಿದ್ದರು. ಏಣಿ ಹತ್ತಿ, ಫ್ಲೇಂಜಿನ ತಳಕ್ಕೆ ಅಡ್ಡಲಾಗಿ ಸ್ಟೀಲ್ ಸ್ಕೇಲ್ ಹಿಡಿದೆ. ಅದು ಎರಡು ಅಂಚುಗಳಿಗೆ ಮಾತ್ರ ತಾಗಿತು. ನಡುವಿನ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ಸಲೀಸಾಗಿ ಹೋಯಿತು. ಅಂಚುಗಳು ಜೋತುಬಿದ್ದಿದ್ದವು. ಸ್ಪ್ಯಾನ್ ಅರ್ಧವಾದರೆ ಬೀಮಿನ ಒಟ್ಟು ಬಾಗು ಇಳಿಯುತ್ತದೆ. ಚಕ್ರದ ಕೆಳಗಿನ ಸ್ಟ್ರೆಸ್ಸಿಗೆ ಸ್ಪ್ಯಾನಿನ ಹಂಗೇ ಇಲ್ಲ. ಬೀಮಿನ ಬಿಟ್ಟ ತುದಿಯಲ್ಲಂತೂ ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿ ಆಸರೆಗೆ ಒಂದೇ ಬದಿಯ ಫ್ಲೇಂಜ್. ದಪ್ಪ ಫ್ಲೇಂಜಿನ ಬೀಮ್ ಹಾಕಿಸಿದೆವು.

ಪೆಟ್ಟಿಗೆಯಂಥ ಟೊಳ್ಳು ಬೀಮಾದ ಬಾಕ್ಸ್ ಗರ್ಡರಿನ ಮೇಲಿನ ಪ್ಲೇಟಾಗಲಿ, ರೈಲಿನ ಕೆಳಗಿನ ವೆಬ್ಬಾಗಲಿ, ನಾನು ಇಂದಿಗೂ ಮೊದಲು ಹುಡುಕುವುದು ಚಕ್ರವನ್ನೇ. ಜೂನಿಯರ್‌ಗಳು ತರುವ ಲೆಕ್ಕದ ಹಾಳೆಯ ಮೊದಲ ಸಾಲು ಫ್ಲೇಂಜಿನ ಅಂಚಿನಿಂದ ಚಕ್ರಕ್ಕೆ ಎಷ್ಟು ಮಿಲಿಮೀಟರ್ ಎಂಬುದೇ ಆಗಿರಬೇಕು. ಆ ಪ್ರಾಜೆಕ್ಟ್ ವರದಿಯೂ ನನ್ನ ಬಳಿಯಿದೆ. ಹನ್ನೆರಡನೇ ಪುಟದಲ್ಲಿ ಸರ್ ಕೆಂಪು ಪೆನ್ಸಿಲ್ಲಿನಲ್ಲಿ ಬರೆದ ಎರಡು ಪುಟ್ಟ ಚಕ್ರಗಳು ಮಾಸಿವೆ, ಅಳಿಸಿಲ್ಲ.