ಕಾಂಕ್ರೀಟ್ ಸುರಿಯುವಾಗ ಗೇಜ್ ಬಿಚ್ಚಬೇಡಿ

ನಾನು ಹಾಸನದ ಕಡೆಯವನು. ಬೆಂಗಳೂರಿನ ಸೈಟ್‌ಗಳಲ್ಲಿ ಆರು ವರ್ಷ ದುಡಿದು ಸ್ಕಾಟ್ಲೆಂಡ್‌ಗೆ ಬಂದೆ. ನೆಲದೊಳಗೆ ಬಿಸಿನೀರು ಹರಿಸಿ ಮನೆ ಬೆಚ್ಚಗಿಡೋದನ್ನು ಕಣ್ಣಾರೆ ನೋಡಿದ್ದು ಇಲ್ಲೇ. 2024ರ ಏಪ್ರಿಲ್‌ನಿಂದ ಇಲ್ಲಿ ಹೊಸದಾಗಿ ಅನುಮತಿ ಕೇಳುವ ಮನೆಗಳಿಗೆ ಗ್ಯಾಸ್ ಬಾಯ್ಲರ್ ಹಾಕುವಂತಿಲ್ಲ. ಹಾಗಾಗಿ ಹೊರಗಿನ ಶಾಖ ಎಳೆದು ನೀರು ಬಿಸಿ ಮಾಡುವ ಕರೆಂಟ್ ಯಂತ್ರ, ಹೀಟ್ ಪಂಪ್ ಜಾಸ್ತಿ. ಅದರ 35–40 ಡಿಗ್ರಿ ನೀರಿಗೆ ನೆಲದ ಪೈಪ್ ಚೆನ್ನಾಗಿ ಹೊಂದುತ್ತದೆ.

ಮೊದಲು ತೇವ ತಡೆಯುವ ಹಾಳೆ, ಅದರ ಮೇಲೆ ಇನ್ಸುಲೇಷನ್ ಬೋರ್ಡ್, ಗೋಡೆಯುದ್ದಕ್ಕೂ ಫೋಮ್ ಪಟ್ಟಿ, ಆಮೇಲೆ ಕಬ್ಬಿಣದ ಮೆಶ್. ಮೆಶ್ ಮೇಲೆ 16 ಎಂಎಂ ಪ್ಲಾಸ್ಟಿಕ್ ಪೈಪನ್ನು ಸುಮಾರು 150 ಎಂಎಂ ಅಂತರದಲ್ಲಿ ಸಾಲಾಗಿ ಕಟ್ಟುತ್ತೇವೆ. ಒಂದು ಸುತ್ತು 100 ಮೀಟರ್ ಒಳಗೇ ಮುಗಿಯಬೇಕು. ಕಾಂಕ್ರೀಟಿನ ಕೆಳಗೆ ಜಾಯಿಂಟ್ ಬರಕೂಡದು. ಕಡೆಗೆ, ಎಲ್ಲಾದರೂ ಸೋರುತ್ತದಾ ನೋಡಲು, ನೀರು ತುಂಬಿ 6 ಬಾರ್ ಒತ್ತಡ ಕೊಟ್ಟು, ಒತ್ತಡ ತೋರಿಸುವ ಗೇಜ್ ಕೂರಿಸಿ ಬಿಡುತ್ತೇವೆ. ಹೊಸ ಪೈಪ್ ಸ್ವಲ್ಪ ಹಿಗ್ಗುತ್ತದೆ, ಆಗ ಗೇಜಿನ ಮುಳ್ಳು ಒಂಚೂರು ಇಳಿಯೋದು ಸಹಜ. ಮತ್ತೆ ಏರಿಸಿ ಕಾಯಬೇಕು.

ನನ್ನ ಮೂರನೇ ಮನೆ. ಮೆಶ್ ಶೀಟ್‌ಗಳು ಒಂದರ ಮೇಲೊಂದು ಕೂರುವ ಕಡೆ ಬೈಂಡಿಂಗ್ ವೈರ್ ಬಿಗಿದದ್ದು ನಾನೇ. ಊರಿನಲ್ಲಿ ಸ್ಲ್ಯಾಬ್ ಕಟ್ಟಿದ ಕೈ, ತಿರುಚಿದ ತುದಿಗಳನ್ನು ಮೇಲಕ್ಕೇ ಬಿಟ್ಟಿದ್ದೆ. ಕಾಂಕ್ರೀಟ್ ದಿನ ಬೆಳಿಗ್ಗೆ, ಗೇಜ್ ಅಡ್ಡ ಬರುತ್ತೆ, ಬಿಚ್ಚಿಬಿಡೋಣ್ವಾ ಅಂದೆ. ಜೊತೆಗಿದ್ದ ಹಿರಿಯ ಪ್ಲಂಬರ್ ಒಪ್ಪಲೇ ಇಲ್ಲ.

ಅರ್ಧ ನೆಲ ಮುಗಿದಿರಬೇಕು. ಮುಳ್ಳು ಆರರಿಂದ ನಾಲ್ಕಕ್ಕೆ ಬಂತು, ನೋಡುತ್ತಿದ್ದಂತೆ ಮೂರಕ್ಕೆ. ಅವರು ಕೂಗಿ ಕೆಲಸ ನಿಲ್ಲಿಸಿದರು. ಅಡುಗೆಮನೆ ಬಾಗಿಲ ಹತ್ತಿರ, ಹಸಿ ಕಾಂಕ್ರೀಟಿನ ಮೇಲೆ ನೀರು ಬುಳಬುಳ ಉಕ್ಕುತ್ತಿತ್ತು. ಗ್ಲೌಸ್ ಹಾಕಿದ ಕೈಯಲ್ಲೇ ಬಗೆದೆವು. ಯಾರೋ ಬೂಟುಗಾಲಿನಲ್ಲಿ ಪೈಪ್ ತುಳಿದಿದ್ದರು, ನಾನು ಬಿಟ್ಟ ತಂತಿಯ ತುದಿ ಅದರೊಳಗೆ ಹೊಕ್ಕಿತ್ತು. ಸೂಜಿಯಷ್ಟು ತೂತು. ನನಗೆ ಕೈಕಾಲೇ ಆಡಲಿಲ್ಲ.

ಜಾಯಿಂಟ್ ಬರಕೂಡದು ನಿಜ, ಆದರೆ ಬೇರೆ ದಾರಿಯಿರಲಿಲ್ಲ. ಅಷ್ಟು ತುಂಡು ಕತ್ತರಿಸಿ ಪ್ರೆಸ್ ಫಿಟ್ಟಿಂಗ್, ಅಂದರೆ ಒತ್ತಿ ಕೂರಿಸುವ ಲೋಹದ ಜಾಯಿಂಟ್ ಹಾಕಿದೆವು. ಸಿಮೆಂಟ್ ತಗಲಿ ಲೋಹ ಹಾಳಾಗದಂತೆ ಟೇಪ್ ಸುತ್ತಿದೆವು. ಒತ್ತಡ ಮತ್ತೆ ಆರಕ್ಕೆ ಏರಿಸಿ, ಮುಳ್ಳು ಅಲ್ಲಾಡದೆ ನಿಂತದ್ದು ನೋಡಿದ ಮೇಲೇ ಕಾಂಕ್ರೀಟ್. ಗೇಜ್ ಬಿಚ್ಚಿದ್ದರೆ? ಆ ಸೋರಿಕೆ ಗೊತ್ತಾಗುವ ಹೊತ್ತಿಗೆ ಮೇಲೆ ಟೈಲ್ಸ್ ಬಂದಿರುತ್ತಿತ್ತು, ಮನೆಯವರು ಸಾಮಾನು ಇಳಿಸಿರುತ್ತಿದ್ದರು.

ಈಗ ತಂತಿಯ ಪ್ರತಿ ತುದಿಯನ್ನೂ ಕೆಳಗೆ ಮಡಚುತ್ತೇನೆ. ಕಾಂಕ್ರೀಟಿಗೆ ಮುಂಚೆ ಅಳತೆ ಟೇಪ್ ಹಿಡಿದು ಪ್ರತಿ ಕೋಣೆಯ ಫೋಟೋ ತೆಗೆಯುತ್ತೇನೆ, ಬಾಗಿಲುಗಳ ಹತ್ತಿರವಂತೂ ತಪ್ಪದೆ. ಡೋರ್ ಸ್ಟಾಪರ್‌ಗೆ ಡ್ರಿಲ್ ಇಳಿಸೋದು ಅಲ್ಲೇ ಅಲ್ವಾ? ಇನ್ನು ಬಿಸಿ ಮಾಡಲು ಆತುರ ಬೇಡ. ಸಿಮೆಂಟ್ ನೆಲಕ್ಕೆ ಕನಿಷ್ಠ 21 ದಿನ ಬಿಡಿ. ಆಮೇಲೂ ಮೊದಲ ಮೂರು ದಿನ 25 ಡಿಗ್ರಿ ನೀರು ಸಾಕು.

ಆ ಮನೆಯಲ್ಲಿ ಪೈಪ್ ಸುತ್ತುಗಳೆಲ್ಲ ಬಂದು ಸೇರುವ ಮ್ಯಾನಿಫೋಲ್ಡ್ ಪೆಟ್ಟಿಗೆಯ ಬಾಗಿಲ ಒಳಗೆ ಒಂದು ನಕ್ಷೆ ಅಂಟಿಸಿದ್ದೇವೆ. ಫಿಟ್ಟಿಂಗ್ ಇರುವ ಜಾಗಕ್ಕೆ ಕೆಂಪು ಗುರುತು, ಎರಡು ಗೋಡೆಗಳಿಂದ ಅಳತೆ. ಬರೆದದ್ದು ನಾನೇ.